ಸೋಸಿದವರ ಮೊದಲ ಲೋಟ

ಕರಿಯಮ್ಮನವರ ಮನೆಯ ಹಿತ್ತಲ ಬಾಗಿಲಿನಿಂದ ಹೊರಗೆ ಬಂದರೆ ಬಲಕ್ಕೆ ಒರಳುಕಲ್ಲು, ಎಡಕ್ಕೆ ಒಲೆ. ನಾನು ಒರಳುಕಲ್ಲಿನ ಪಕ್ಕದಲ್ಲಿ, ಒಲೆಯ ಕಡೆ ಮುಖ ಮಾಡಿ, ಖಾಲಿ ಬುಟ್ಟಿ ಹಿಡಿದು ನಿಂತಿದ್ದೆ. ಊರು ಮಡಕಶಿರಾ ಕಡೆಯದು, ಅಮರಾಪುರದ ರಸ್ತೆಯಿಂದ ಸ್ವಲ್ಪ ಒಳಗೆ. ನನ್ನ ಡಿಗ್ರಿಯ ಎರಡನೇ ವರ್ಷದ ಮುಂಗಾರು. ಎರಡನೇ ಮಳೆ ಬಿದ್ದು ವಾರ ಕಳೆದಿತ್ತು. ಭಾನುವಾರ. ಹೊತ್ತು ನೆತ್ತಿಗೆ ಬಂದು ನನ್ನ ನೆರಳು ಕಾಲಡಿಯಲ್ಲೇ ಇತ್ತು. ಇಷ್ಟನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ. ಅವತ್ತು ನಡೆದದ್ದನ್ನು ಈಗ ಒಬ್ಬೊಬ್ಬರು ಒಂದೊಂದು ರೀತಿ ಹೇಳುತ್ತಾರೆ. ಅಲ್ಲಿ ಇರದವರೂ ಹೇಳುತ್ತಾರೆ. ನಾನು ನಿಂತ ಜಾಗದಿಂದ ಏನು ಕಾಣುತ್ತಿತ್ತೋ ಅದನ್ನು ಮಾತ್ರ ಬರೆಯಬೇಕೆಂದಿದ್ದೇನೆ.

ನಾನೀಗ ಬೊಮ್ಮನಹಾಳಿನ ಬೀಜ ಗೊಬ್ಬರದ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತೇನೆ. ಈಚೆಗೆ ಮಳೆ ಹಿಡಿಯುವ ಮುಂಚೆ ಗೋದಾಮು ಚೊಕ್ಕ ಮಾಡುವಾಗ, ಗೋಡೆಗೆ ಒತ್ತಿಟ್ಟಿದ್ದ ಒಂದು ಶೇಂಗಾ ಚೀಲ ಬಿಚ್ಚಿದೆ. ತೇವ ತಾಗಿ ಬೀಜ ಕಮಟು ಹಿಡಿದಿತ್ತು. ಆ ವಾಸನೆ ಮೂಗಿಗೆ ಬಂದದ್ದೇ ನನ್ನ ಬಾಯಿ ಒಣಗಿತು. ಚೀಲದ ಬಾಯಿ ಹಿಡಿದುಕೊಂಡೇ ಗೋಡೆಗೆ ಒರಗಿ ಕೂತೆ. ಜೊತೆಯಲ್ಲಿದ್ದ ಹಮಾಲ ನೀರು ತಂದುಕೊಟ್ಟು, ಯಾಕ್ರಿ, ಮುಂಜಾನೆ ಉಂಡಿಲ್ಲೇನ್ರಿ ಎಂದು ಕೇಳಿದ. ಉಂಡಿದ್ದೆ. ಹಸಿವಿಗೂ ಅದಕ್ಕೂ ಸಂಬಂಧವಿರಲಿಲ್ಲ.

ರಾಯದುರ್ಗದ ಕಾಲೇಜಿನಲ್ಲಿ ಆ ವರ್ಷ ನಮಗೆ ಮುಖ್ಯ ವಿಷಯಗಳ ಜೊತೆ ಒಂದು ಐಚ್ಛಿಕ ವಿಷಯ ಆರಿಸಿಕೊಳ್ಳಲು ಹೇಳಿದ್ದರು. ನಾನು ಆರಿಸಿಕೊಂಡದ್ದು ಔಷಧಿ ಸಸ್ಯ ಮತ್ತು ಅಡುಗೆ ಸಸ್ಯಗಳದ್ದು. ಹೆಸರು ದೊಡ್ಡದು, ಕಾಲೇಜಿನಲ್ಲಿ ಎಲ್ಲರೂ ಕರೆಯುತ್ತಿದ್ದುದು ಸೊಪ್ಪಿನ ಕ್ಲಾಸು ಎಂದು. ನನ್ನ ಗೆಳೆಯ ವೀರೇಶ, ರಾಯದುರ್ಗ ಪೇಟೆಯವನು, ಮೊದಲ ದಿನವೇ ಕಡೆಯ ಬೆಂಚಿನಲ್ಲಿ ಕೂತು, ಇದನ್ನ ನಮ್ಮವ್ವ ಬೈಕೋತನೇ ಕಲಸ್ತಾಳಲೇ, ಇಲ್ಲಿ ಮಾರ್ಕ್ಸ್ ಬ್ಯಾರೆ ಕೊಡ್ತಾರ ಅಂದ. ಅವನು ಸೇರಿದ್ದು ಆ ಮಾರ್ಕ್ಸಿಗೇ. ನಾನೂ ಅಷ್ಟೇ.

ಪಾಠ ಮಾಡುತ್ತಿದ್ದವರು ಸರೋಜಾ ಮೇಡಂ. ತವರು ಅಮರಾಪುರದ ಕಡೆ. ಮದುವೆಯಾಗಿ ರಾಯದುರ್ಗಕ್ಕೆ ಬಂದು ವರ್ಷಗಳಾಗಿದ್ದರೂ ಅವರ ಮಾತಿಗೆ ನಮ್ಮ ಕಡೆಯ ಗಾಳಿ ತಾಗಿರಲಿಲ್ಲ. ಐತೆ, ಬತ್ತೀನಿ ಎಂದೇ ಅನ್ನುತ್ತಿದ್ದರು. ತೆಲುಗು ಮಕ್ಕಳಿಗೆ ತೆಲುಗಿನಲ್ಲಿ, ನಮಗೆ ಕನ್ನಡದಲ್ಲಿ, ಪರೀಕ್ಷೆಗೆ ಮಾತ್ರ ಇಂಗ್ಲಿಷಿನಲ್ಲಿ. ಊಟದ ಡಬ್ಬಿಯಲ್ಲಿ ಒದ್ದೆ ಬಟ್ಟೆ ಸುತ್ತಿದ ಎಲೆಗಳನ್ನು ತರುತ್ತಿದ್ದರು. ಒಂದೊಂದು ಎಲೆಯನ್ನೂ ಎಲ್ಲರ ಕೈಗೆ ಕೊಟ್ಟು, ಮೊದಲು ತಿಕ್ಕಿ ಮೂಸಿ ನೋಡಿ, ಆಮೇಲೆ ನಾನು ತಿನ್ನಬಹುದು ಎಂದರೆ ಮಾತ್ರ ನಾಲಿಗೆಗೆ ಇಡಿ, ಹೆಸರು ಕೊನೆಗೆ ಹೇಳ್ತೀನಿ ಅನ್ನುವರು. ತುಂಬೆ, ಒಂದೆಲಗ, ನೆಲನೆಲ್ಲಿ, ಹೊನಗೊನೆ ಹೀಗೆಯೇ ನಮಗೆ ಪರಿಚಯವಾದವು. ಅವರ ಪಾಠದಲ್ಲಿ ಅಡುಗೆಮನೆಯ ಸೊಪ್ಪು ಬೇರೆ, ಮದ್ದಿನ ಸೊಪ್ಪು ಬೇರೆ ಎಂಬುದೇ ಇರಲಿಲ್ಲ. ಎಷ್ಟು ಹಾಕುತ್ತೀರಿ, ಯಾರಿಗೆ ಹಾಕುತ್ತೀರಿ, ಅಷ್ಟೇ ವ್ಯತ್ಯಾಸ ಅನ್ನುತ್ತಿದ್ದರು.

ಒಂದು ದಿನ ಬೆಟ್ಟದ ಬುಡದಲ್ಲಿ ಸುತ್ತಾಡಿಸುವಾಗ, ಬಂಡೆಗಳ ಸಂದಿಯಲ್ಲಿ ಬಿಳಿ ಹೂ ಬಿಟ್ಟು ನಿಂತಿದ್ದ ದತ್ತೂರಿ ತೋರಿಸಿದರು. ಅವರ ಕಡೆ ಅದಕ್ಕೆ ಉಮ್ಮತ್ತಿ ಅನ್ನುತ್ತಾರೆ. ಬದನೆ, ಟೊಮ್ಯಾಟೊ, ಮೆಣಸಿನಕಾಯಿ, ಗಣಿಕೆ ಸೊಪ್ಪು, ಇದು, ಎಲ್ಲ ಒಂದೇ ಕುಟುಂಬ ಎಂದರು. ಇದು ಒಳಗೆ ಹೋದರೆ ಬಾಯಿ ಒಣಗುತ್ತದೆ, ಕಣ್ಣಿನ ಪಾಪೆ ಅಗಲವಾಗುತ್ತದೆ, ಬೆಳಕು ತಡೆಯಲಾಗುವುದಿಲ್ಲ, ಆಮೇಲೆ ಬುದ್ಧಿ ನಿಲ್ಲುವುದಿಲ್ಲ ಎಂದರು. ವೀರೇಶ, ಹಂಗಾರ ನಮ್ಮ ಹಾಸ್ಟೆಲ್ ವಾರ್ಡನ್ ಇದನ್ನೇ ಕುಡೀತಾರ ಅನಸ್ತದ ಅಂದ. ಎಲ್ಲರೂ ನಕ್ಕೆವು. ನಗದೆ ಇದ್ದವಳು ನಾಗವೇಣಿ ಒಬ್ಬಳೇ. ಅವಳು ಗಿಡದ ಮುಂದೆ ಕುಕ್ಕರಗಾಲಲ್ಲಿ ಕೂತು ಎಲೆಯ ತೊಟ್ಟು ನೋಡುತ್ತಿದ್ದಳು.

ನಾಗವೇಣಿ ಬೆಳುಗುಪ್ಪದವಳು. ರಾಯದುರ್ಗದಲ್ಲಿ ಅಕ್ಕನ ಮನೆಯಲ್ಲಿದ್ದು ಓದುತ್ತಿದ್ದಳು. ಅಕ್ಕ ಮನೆಯಲ್ಲೇ ಜೀನ್ಸ್ ಹೊಲಿಯುತ್ತಿದ್ದಳು. ಸಂಜೆ ನಾಗವೇಣಿಯೂ ಕೂತು ದಾರ ಕತ್ತರಿಸುತ್ತಿದ್ದರಿಂದ ಅವಳ ಬೆರಳ ತುದಿ ಯಾವಾಗಲೂ ನೀಲಿ. ಮೇಡಂ ಎಲೆ ಕೊಟ್ಟರೆ ಮೊದಲು ಕೈ ತೊಳೆದು ಬರುತ್ತಿದ್ದಳು. ಮುಂದೆ ಎಂ.ಎಸ್ಸಿ. ಮಾಡಬೇಕೆಂದು ನಮ್ಮಲ್ಲಿ ಯೋಚನೆ ಇದ್ದದ್ದು ಅವಳಿಗೆ ಮಾತ್ರ. ಹಾಗಾಗಿ ಮೇಡಂ ಅವಳ ಮೇಲೆ ಸ್ವಲ್ಪ ಹೆಚ್ಚು ಭಾರ ಹಾಕುತ್ತಿದ್ದರು. ಅವಳೂ ಅದನ್ನು ಇಷ್ಟಪಟ್ಟೇ ಹೊರುತ್ತಿದ್ದಳು.

ನಮ್ಮ ಕಡೆ ಸೊಪ್ಪೆಂದರೆ ಪುಂಡಿ, ಮೆಂತ್ಯ, ರಾಜಗಿರಿ. ಒಂದು ದಿನಕ್ಕೆ ಒಂದು ಸೊಪ್ಪು. ಮೇಡಂ ಕಡೆ ಹಾಗಲ್ಲ. ಮುಂಗಾರು ಬಿದ್ದ ಮೇಲೆ ಹೆಂಗಸರು ಹೊಲದ ಬದುಗಳಿಗೆ ಹೋಗಿ, ತಾನಾಗಿ ಎದ್ದ ಹತ್ತಾರು ಬಗೆಯ ಸೊಪ್ಪನ್ನು ಒಟ್ಟಿಗೆ ಕೊಯ್ದು ತರುತ್ತಾರೆ. ಅದು ಬೆರಕೆ ಸೊಪ್ಪು. ಬೇಯಿಸಿ ಬಸಿದ ನೀರಿಗೆ ಖಾರ ಅರೆದು ಹಾಕಿದರೆ ಬಸ್ಸಾರು; ಉಳಿದ ಸೊಪ್ಪು ಪಲ್ಯ. ಇದನ್ನು ನೋಡದೆ ಈ ಕೋರ್ಸ್ ಮುಗಿಸಬಾರದು ಎಂದು ಮೇಡಂ ಹಠ ಹಿಡಿದರು. ಪ್ರಿನ್ಸಿಪಾಲರನ್ನು ಒಪ್ಪಿಸಿ, ನಾವು ಹೋಗಲು ಆದ ಐದಾರು ಮಂದಿಯನ್ನು ಶನಿವಾರ ಬಸ್ಸು ಹತ್ತಿಸಿದರು. ಕಲ್ಯಾಣದುರ್ಗದಲ್ಲಿ ಬಸ್ಸು ಬದಲಿಸಿ, ಮಡಕಶಿರಾ ಮುಟ್ಟಿ, ಅಲ್ಲಿಂದ ಆಟೋದಲ್ಲಿ ಅವರ ತವರಿಗೆ ಹೋಗುವಷ್ಟರಲ್ಲಿ ಸಂಜೆಯಾಗಿತ್ತು.

ಮೇಡಂ ಅವರ ತಾಯಿ ಕರಿಯಮ್ಮ. ಕುಳ್ಳ ದೇಹ, ದೊಡ್ಡ ದನಿ. ನಮ್ಮ ಮಾತು ಕೇಳಿ, ಇದೇನು ಈ ಮಕ್ಳು ಬಂದಾಗಿಂದ ಜಗಳ ಆಡ್ತಾವೆ ಎಂದು ಮಗಳನ್ನು ಕೇಳಿದರು. ವೀರೇಶ, ಜಗಳ ಅಲ್ರೀ ಅಜ್ಜಿ, ನಾವು ಮರ್ಯಾದಿ ಕೊಟ್ರ ಹಂಗ ಕೇಳಸ್ತದ ಅಂದ. ಅಜ್ಜಿಗೆ ಅವನು ಹಿಡಿಸಿಬಿಟ್ಟ. ರಾತ್ರಿ ಊಟಕ್ಕೆ ಅವನಿಗೆ ಎಲ್ಲರಿಗಿಂತ ದಪ್ಪನೆಯ ಮುದ್ದೆ ಬಿತ್ತು. ಅದನ್ನು ಮುಗಿಸಲು ಅವನು ಪಟ್ಟ ಪಾಡು ನೋಡಿ ಅಜ್ಜಿ ಬೆನ್ನು ತಟ್ಟಿ ನಕ್ಕರು.

ಭಾನುವಾರ ಬೆಳಿಗ್ಗೆ ಹೊಲಕ್ಕೆ ಹೋದೆವು. ಕೊಯ್ಯುವುದು ಹೆಂಗಸರ ಕೆಲಸ. ನನಗೂ ವೀರೇಶನಿಗೂ ಬುಟ್ಟಿ ಹೊರುವುದು ಬಂತು. ಕರಿಯಮ್ಮ ಕೊಯ್ಯುವ ರೀತಿ ತೋರಿಸಿದರು. ಹೂ ಬಿಡುವ ಮುಂಚಿನ ಎಳೆ ಸಸಿ, ಅದರ ತುದಿ ಮಾತ್ರ. ಹೆಬ್ಬೆರಳು ತೋರುಬೆರಳಿನ ನಡುವೆ ಟಕ್ಕೆಂದು ಮುರಿಯಬೇಕು, ನಾರು ಎಳೆದರೆ ಬಲಿತಿದೆ ಎಂದು ಅರ್ಥ. ಮುರಿದದ್ದನ್ನು ಸೆರಗಿನ ಮಡಿಲಿಗೆ ಹಾಕಿಕೊಳ್ಳಬೇಕು. ಮಡಿಲು ತುಂಬಿದರೆ ಬುಟ್ಟಿಗೆ. ಎಲ್ಲರ ಮಡಿಲೂ ಒಂದೇ ಬುಟ್ಟಿಗೆ. ಯಾರು ಏನು ಕೊಯ್ದರು ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಅಣ್ಣೆ, ಕೀರೆ, ಗೋಣಿ, ಕನ್ನೆ, ಗಣಿಕೆ, ತಗಚೆ ಬುಟ್ಟಿಯೊಳಗೆ ಬೆರೆಯುತ್ತ ಹೋದವು. ಹುಡುಗಿಯರು ದುಪಟ್ಟಾ ಸೊಂಟಕ್ಕೆ ಕಟ್ಟಿ ಮಡಿಲು ಮಾಡಿಕೊಂಡಿದ್ದರು.

ಪಕ್ಕದ ಹೊಲದವರು ಹಿಂದಿನ ದಿನ ಹುಳದ ಮದ್ದು ಹೊಡೆದಿದ್ದರು. ಗಾಳಿಯಲ್ಲಿ ಅದರ ವಾಸನೆ ಇನ್ನೂ ಇತ್ತು. ಕರಿಯಮ್ಮ ಆ ಬದುವಿಗೆ ಯಾರೂ ಹೋಗಬಾರದೆಂದು ಗದರಿ, ಎಲ್ಲರನ್ನೂ ಈಚೆ ಕಡೆಗೆ, ತಿಪ್ಪೆಗಳಿರುವ ಕಡೆಗೆ ಕಳಿಸಿದರು. ತಿಪ್ಪೆಯ ಸುತ್ತ ಸೊಪ್ಪು ಸೊಂಪಾಗಿತ್ತು. ಬುಟ್ಟಿ ಬೇಗ ತುಂಬಿತು.

ಮನೆಗೆ ಬಂದಾಗ ತುಂತುರು ಹನಿ ಶುರುವಾಯಿತು. ಸಾಮಾನ್ಯವಾಗಿ ಸೊಪ್ಪು ಸೋಸುವುದು, ಅಂದರೆ ಕಸಕಡ್ಡಿ ತೆಗೆದು ಆರಿಸುವುದು, ಜಗಲಿಯ ಮೇಲೆ. ಅವತ್ತು ಒಳಗೆ, ಬಿತ್ತನೆಯ ಕಡಲೆಕಾಯಿ ಚೀಲಗಳನ್ನು ಒಟ್ಟಿದ್ದ ಕೋಣೆಯಲ್ಲಿ ಚಾಪೆ ಹಾಸಿದರು. ಆ ಕೋಣೆಯಲ್ಲಿ ಒಂದು ಕಮಟು ವಾಸನೆ ಇತ್ತು. ಒಂದು ಚೀಲಕ್ಕೆ ನೀರು ತಾಗಿದೆ, ಬಿಸಿಲು ಬಂದ ಮೇಲೆ ಹರವಬೇಕು ಎಂದು ಕರಿಯಮ್ಮ ಬೆಳಿಗ್ಗೆಯೇ ಹೇಳಿದ್ದರು.

ಸೋಸುವುದನ್ನು ಮೇಡಂ ಪ್ರಾಕ್ಟಿಕಲ್ ಪರೀಕ್ಷೆ ಮಾಡಿಬಿಟ್ಟರು. ನಾಗವೇಣಿ ಚೀಲಗಳಿಗೆ ಬೆನ್ನು ಕೊಟ್ಟು ಕೂತಳು. ಬುಟ್ಟಿಯನ್ನು ಸುರಿದುಕೊಂಡು, ಕಾಲೇಜಿನಲ್ಲಿ ಕಲಿತಂತೆ ಒಂದೊಂದು ಬಗೆಯನ್ನೂ ಬೇರೆ ಬೇರೆ ಗುಡ್ಡೆ ಮಾಡಿದಳು. ಎಲೆ ತಿಕ್ಕಿ ಮೂಸುತ್ತಲೂ ಇದ್ದಳು. ನಡುವೆ ಒಮ್ಮೆ ಕೈ ನಿಲ್ಲಿಸಿ, ಹಿಂದೆ ತಿರುಗಿ ಚೀಲಗಳನ್ನು ನೋಡಿ, ಮತ್ತೆ ಕೆಲಸ ಮುಂದುವರಿಸಿದ್ದನ್ನು ನಾನು ಬಾಗಿಲಿನಿಂದ ನೋಡಿದೆ. ಮೇಡಂ ಬಂದು ಗುಡ್ಡೆಗಳನ್ನು ನೋಡಿದರು. ಗಣಿಕೆಯ ಗುಡ್ಡೆಯ ಮೇಲೆ ಕೈಯಾಡಿಸಿದರು. ಒಂದೂ ತಪ್ಪಿಲ್ಲ ಎಂದು ಹೇಳಿ, ಹುಡುಗಿಯರ ಜೊತೆ ಮಸಾಲೆಗೆ ಕಾಯಿ ತುರಿಯಲು ಎದ್ದರು. ಗುಡ್ಡೆಗಳೆಲ್ಲ ಮತ್ತೆ ಒಂದಾಗಿ ಕರಿಯಮ್ಮನ ಕೈಗೆ ಹೋದವು.

ಅವರು ಹಿತ್ತಲಲ್ಲಿ ಸೊಪ್ಪು ತೊಳೆಯುತ್ತಿದ್ದಾಗ ಪಕ್ಕದ ಮನೆಯ ಹನುಮಕ್ಕ ಮೋಟುಗೋಡೆಯ ಮೇಲೆ ಕೈಯೂರಿ ನಿಂತು, ನೀನೊಂದ್ಸಲ ಕೈಯಾಡಿಸ್ದೇನೇ ಕರಿಯಕ್ಕ ಎಂದು ಕೇಳಿದರು. ಕರಿಯಮ್ಮ ಹೆಮ್ಮೆಯಿಂದಲೇ ಹೇಳಿದರು: "ನಮ್ ಸರೋಜನೇ ನೋಡೌಳೆ ಕಣೇ. ಕಾಲೇಜಿಗೆಲ್ಲ ಪಾಠ ಹೇಳೋಳು. ಅವ್ಳು ನೋಡಿದ್ಮೇಲೆ ನಂದೇನೈತೆ?"

ಆಮೇಲೆ ಮೇಡಂ ನನಗೆ ಹೇಳಿದ್ದು ಇದರ ಇನ್ನೊಂದು ಮಗ್ಗುಲು. ಗುಡ್ಡೆಗಳನ್ನು ನೋಡುವಾಗ ಅವರ ಮನಸ್ಸಿನಲ್ಲಿದ್ದದ್ದು ಮಾರ್ಕ್ಸು; ತೊಳೆಯುವಾಗ ಅವ್ವ ಹೇಗೂ ಒಂದೊಂದು ಎಲೆಯನ್ನೂ ನೋಡಿಯೇ ನೋಡುತ್ತಾಳೆ ಎಂದುಕೊಂಡಿದ್ದರಂತೆ. ಹುಟ್ಟಿದಾಗಿನಿಂದ ಅವ್ವ ನೋಡದ ಸೊಪ್ಪನ್ನು ಅವರು ತಿಂದೇ ಇರಲಿಲ್ಲ.

ಆ ಮನೆಯಲ್ಲಿ ಒಂದು ಪದ್ಧತಿ ಇತ್ತು. ಬಸಿದ ಬಿಸಿ ನೀರಿಗೆ ಉಪ್ಪು, ಮೆಣಸು, ಒಂದು ಹನಿ ನಿಂಬೆರಸ ಹಾಕಿ, ಮೊದಲ ಲೋಟವನ್ನು ಸೊಪ್ಪು ಸೋಸಿದವರಿಗೆ ಕೊಡುವುದು. ಸೋಸಿದವರು ಕುಡಿದ ಮೇಲೆಯೇ ಉಳಿದದ್ದಕ್ಕೆ ಮಸಾಲೆ. ಯಾಕೆಂದು ನಾವು ಕೇಳಿದ್ದಕ್ಕೆ ಮೇಡಂ, ಸೋಸಿ ಸೋಸಿ ಬೆನ್ನು ನೋಯುತ್ತದಲ್ಲ, ಅದಕ್ಕೆ ಕೂಲಿ ಎಂದಿದ್ದರು. ಅವರು ಚಿಕ್ಕಂದಿನಿಂದ ತಿಳಿದಿದ್ದದ್ದು ಹಾಗೆಯೇ.

ಹನಿ ನಿಂತು ಬಿಸಿಲು ಬಂದಿತ್ತು. ಕರಿಯಮ್ಮ ಸ್ಟೀಲ್ ಲೋಟ ತುಂಬಿ ನಾಗವೇಣಿಗೆ ಕೊಟ್ಟರು. ಲೋಟ ಸುಡುತ್ತಿತ್ತು. ಅವಳು ದುಪಟ್ಟಾದ ತುದಿಯಿಂದ ಹಿಡಿದು, ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸುತ್ತ ಊದತೊಡಗಿದಳು. ಕರಿಯಮ್ಮ ನಕ್ಕು, ಲೋಟದ ಬಿಸಿಗೆ ಕುಣಿಯೋಳು ನಾಳೆ ಗಂಡನ ಮನೆಯಾಗೆ ಒಲೆ ಮುಂದೆ ಏನ್ ಮಾಡ್ತೀಯವ್ವ, ಕೊಡಿಲ್ಲಿ ಎಂದು ಅವಳ ಕೈಯಿಂದ ತೆಗೆದುಕೊಂಡರು. ನಾಗವೇಣಿ ಬೆರಳು ತಣ್ಣಗೆ ಮಾಡಿಕೊಳ್ಳಲು ನೀರಿನ ತೊಟ್ಟಿಯ ಕಡೆ ತಿರುಗಿದಳು. ಮೇಡಂ ಒಳಗಿದ್ದರು; ಹನುಮಕ್ಕ ಇನ್ನೂ ಮೋಟುಗೋಡೆಯಾಚೆ ನಿಂತಿದ್ದರು. ಕರಿಯಮ್ಮ ಲೋಟವನ್ನು ಬಾಯಿಗೆ ತಂದವರು ಅಲ್ಲೇ, ಮೂಗಿನ ಹತ್ತಿರ, ನಿಲ್ಲಿಸಿದರು. ಒಂದು ಉಸಿರು ಎಳೆದುಕೊಂಡರು. ಚೀಲಗಳಿದ್ದ ಕೋಣೆಯ ಕಡೆ ನೋಡಿದರು. ಆಮೇಲೆ ನಾಗವೇಣಿಯ ಬೆನ್ನ ಕಡೆ ನೋಡಿದರು. ಆಮೇಲೆ ಕುಡಿದರು. ಪೂರ್ತಿ ಕುಡಿದು ಲೋಟ ಬೋರಲು ಹಾಕಿದರು.

ನಾನು ಕಂಡದ್ದು ಇಷ್ಟು. ಆಗ ಅದರಲ್ಲಿ ನೆನಪಿಡುವಂಥದ್ದೇನೂ ನನಗೆ ಕಾಣಲಿಲ್ಲ.

ಮಸಾಲೆ ಅರೆಯುವುದು, ಮುದ್ದೆಗೆ ಎಸರಿಡುವುದು ನಡೆದಿತ್ತು; ಊಟಕ್ಕೆ ಇನ್ನೂ ಯಾರೂ ಕೂತಿರಲಿಲ್ಲ. ಮೊದಲು ಕರಿಯಮ್ಮ ನೀರು ಕೇಳಿದರು. ಕುಡಿದು ಮತ್ತೆ ಕೇಳಿದರು. ನಾಲಿಗೆ ಅಂಟ್ತೈತೆ ಅಂದರು. ಬಿಸಿಲಿಗೆ ಕೈ ಅಡ್ಡ ಹಿಡಿದು, ಇದೇನು ಇಷ್ಟು ಬೆಳಕು ಎಂದು ಸಿಟ್ಟಾದರು. ಮುಖ ಕೆಂಪಗಾಗಿತ್ತು. ಮೇಡಂ ಹಣೆ ಮುಟ್ಟಿ ಜ್ವರವೇನೋ ಎಂದು ಒಳಗೆ ಕರೆದೊಯ್ಯಲು ಹೋದರೆ, ಅವರು ಕೈ ಕೊಡವಿ ಹಿತ್ತಲ ಸಿಮೆಂಟು ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತುಬಿಟ್ಟರು. ಎಡಗೈಯಿಂದ ಸೆರಗು ಹಿಡಿದು ಮಡಿಲು ಮಾಡಿಕೊಂಡರು. ಬಲಗೈಯಿಂದ ಆ ಬರಿಯ ನೆಲದಿಂದ ಸೊಪ್ಪು ಕೊಯ್ಯತೊಡಗಿದರು.

ಹೆಬ್ಬೆರಳು, ತೋರುಬೆರಳು, ಟಕ್ಕೆಂದು ಮುರಿಯುವುದು, ಮಡಿಲಿಗೆ ಹಾಕುವುದು. ಬೆಳಿಗ್ಗೆ ನಮಗೆ ತೋರಿಸಿದ್ದಂತೆಯೇ, ಒಂದೂ ತಪ್ಪದೆ. ನೆಲದಲ್ಲಿ ಏನೂ ಇರಲಿಲ್ಲ. ನಡುನಡುವೆ ತಲೆಯೆತ್ತಿ, ಎಂದೋ ತೀರಿಹೋದ ತಂಗಿಯ ಹೆಸರು ಹಿಡಿದು, ಈ ಕಡೆ ಬಾರೆ, ಇಲ್ಲಿ ದಂಡಿಯಾಗೈತೆ ಎಂದು ಕರೆಯುತ್ತಿದ್ದರು. ಮಡಿಲು ಭಾರವಾದಂತೆ ಅದನ್ನು ಸರಿಪಡಿಸಿಕೊಳ್ಳುತ್ತಿದ್ದರು. ನನ್ನ ಕಡೆಗೂ ನೋಡಿ, ಬುಟ್ಟಿ ತಾರ್ಲಾ ಅಂದರು. ನಾನು ಬುಟ್ಟಿ ತೆಗೆದುಕೊಂಡು ಹೋಗಿ ಮುಂದಿಟ್ಟೆ. ಏನು ಮಾಡಬೇಕೆಂದು ನನಗೆ ಬೇರೆ ತೋಚಲಿಲ್ಲ. ಅವರು ಮಡಿಲನ್ನು ಅದರೊಳಗೆ ಕೊಡವಿದರು.

ಗೋಡೆಯಾಚೆಯಿಂದ ಹನುಮಕ್ಕ, ಮದ್ದು ಹೊಡ್ದಿರೋ ಸೊಪ್ಪು ಕುಯ್ಕಂಡ್ ಬಂದೌರೆ ಎಂದು ಕೂಗಿದರು. ಆ ಊರಲ್ಲಿ ಹೊಲದಿಂದ ಬಂದವರು ಕೆಳಗೆ ಬಿದ್ದರೆ ಎಲ್ಲರ ಬಾಯಿಗೂ ಮೊದಲು ಬರುವುದು ಅದೇ. ಜನ ಸೇರಿದರು. ಯಾರೋ ಬೈಕಿನಲ್ಲಿ ಹೋಗಿ ರಂಗನಾಥಪ್ಪನನ್ನು ಕರೆತಂದರು. ಅವನು ಓದಿದ ಡಾಕ್ಟರಲ್ಲ. ಊರಿಗೆ ಸೂಜಿ ಚುಚ್ಚುವವನು, ಎಲ್ಲರಿಗೂ ಡಾಕ್ಟ್ರು. ಮದ್ದಿನ ಗಾಳಿ ಕುಡಿದು ಬಿದ್ದವರನ್ನು ಉಳಿಸಿದ್ದ ಎಂದು ಹೆಸರಿತ್ತು. ಅಂಥವರಿಗೆ ಕೊಡುವ ಇಂಜೆಕ್ಷನ್ ಅವನ ಚೀಲದಲ್ಲಿ ಸದಾ ಇರುತ್ತಿತ್ತು. ಬಂದವನೇ ಗಾಜಿನ ಸೀಸೆ ಮುರಿದು ಸೂಜಿಗೆ ಎಳೆದುಕೊಂಡ. ಮದ್ದು ಹೊಡೆದ ಹೊಲದ ಪಕ್ಕದ್ದಾ ಸೊಪ್ಪು ಎಂದು ಕೇಳಿದ. ಮೇಡಂ ತಾಯಿಯ ಕೈಗಳನ್ನು ಹಿಡಿದು ಕೂತಿದ್ದರು. ಹೌದು ಎಂದು ತಲೆಯಾಡಿಸಿದರು.

ನಾಗವೇಣಿ ಜನರ ನಡುವೆ ನುಗ್ಗಿ ಬಂದು ಅವನ ಎದುರಿಗೆ ಕೂತಳು. ಅವಳ ದನಿ ಏರಲಿಲ್ಲ.

"ಸೂಜಿ ಹಾಕಬ್ಯಾಡ್ರಿ. ಇದು ಮದ್ದಲ್ಲ."

"ನೀನ್ಯಾರವ್ವ?"

"ಸೊಪ್ಪು ಸೋಸಿದಾಕಿ. ಅದ್ರಾಗ ದತ್ತೂರಿ ಸಸಿ ಇದ್ವು. ನಾನೇ ಗಣಿಕೆ ಅಂತ ಬಿಟ್ಟೀನ್ರಿ. ಒಮ್ಮೆ ಅವರ ಕಣ್ಣು ನೋಡ್ರಿ."

ಒಬ್ಬರು, ಎಲ್ಲಿಂದಲೋ ಬಂದು ಮುದುಕಿಗೆ ವಿಷ ಹಾಕಿದ್ವು ಅಂದರು. ಅವಳಿಗೆ ಅದು ಕೇಳಿಸಿತು, ನನಗೂ ಕೇಳಿಸಿತು. ಅವಳು ಅಲುಗಲಿಲ್ಲ. ಆ ಸೂಜಿಯಲ್ಲಿ ಏನಿದೆಯೆಂದು ಅವಳಿಗೆ ಗೊತ್ತಿರಲಿಲ್ಲ. ಬೆಟ್ಟದ ಬುಡದಲ್ಲಿ ಮೇಡಂ ಹೇಳಿದ್ದ ಒಂದೊಂದು ಗುರುತೂ ಕರಿಯಮ್ಮನ ಮೈಮೇಲೆ ಬರುತ್ತಿದ್ದದ್ದು ಮಾತ್ರ ಅವಳಿಗೆ ಗೊತ್ತಾಗಿತ್ತು. ಮೇಡಂ ತಲೆಯೆತ್ತಿ ಅವಳನ್ನು ಒಂದು ಕ್ಷಣ ನೋಡಿ, ತಾವೇ ತಾಯಿಯ ರೆಪ್ಪೆ ಎತ್ತಿದರು. ರಂಗನಾಥಪ್ಪ ಮೊಬೈಲಿನ ಟಾರ್ಚ್ ಹಿಡಿದ. ಕಣ್ಣಿನ ಕಂದು ಬಣ್ಣವೆಲ್ಲ ಅಂಚಿಗೆ ಸರಿದು ನಡುವೆ ಬರೀ ಕಪ್ಪು. ಬೆಳಕು ಬಿದ್ದರೂ ಅದು ಕುಗ್ಗಲಿಲ್ಲ. ಬಾಯಿ ತೆರೆಸಿ ನೋಡಿದ. ನಾಲಿಗೆ ಒಣಗಿದ ತೊಗಟೆಯಂತಿತ್ತು. ಮದ್ದು ಕುಡಿದವರ ಪಾಪೆ ಸಾಸಿವೆಯಷ್ಟಾಗುತ್ತದೆ, ಜೊಲ್ಲು ನಿಲ್ಲುವುದಿಲ್ಲ; ಅದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಅವನು ಸೂಜಿಯನ್ನು ನೆಲಕ್ಕೆ ಖಾಲಿ ಮಾಡಿದ. ನೋಡ್ದೆನೇ ಚುಚ್ತಿದ್ದೆ ಎಂದು ಎರಡು ಸಲ ಹೇಳಿ, ಆಟೋ ತರಿಸಿ, ತಾನೇ ಹತ್ತಿ ಕೂತ.

ಮಡಕಶಿರಾದ ಆಸ್ಪತ್ರೆಯಲ್ಲಿ ಡಾಕ್ಟರು ತೆಲುಗಿನಲ್ಲಿ, ಇದನ್ನು ಉಮ್ಮತ್ತಿ ಎಂದವರು ಯಾರು ಎಂದು ಕೇಳಿದರು. ನಾಗವೇಣಿ ಮುಂದೆ ಬಂದಳು. ಮದ್ದಿನ ವಿಷಕ್ಕೆ ಕೊಡುವ ಆ ಇಂಜೆಕ್ಷನ್ನಿನಲ್ಲಿ ಇರುವುದೂ ಉಮ್ಮತ್ತಿ ಎಲೆಯಲ್ಲಿ ಇರುವುದೂ ಒಂದೇ ವಸ್ತು ಎಂದು ಅವರು ವಿವರಿಸಿದರು. ಅದರ ಮೇಲೆ ಇದೂ ಬಿದ್ದಿದ್ದರೆ, ಈ ವಯಸ್ಸಿನ ಹೃದಯ, ಎಂದವರು ಮಾತು ಅಲ್ಲಿಗೇ ಬಿಟ್ಟು ಒಳಗೆ ಹೋದರು. ಕತ್ತಲು ಮಾಡಿದ ಕೋಣೆಯಲ್ಲಿ ಕರಿಯಮ್ಮ ಮರುದಿನದವರೆಗೂ ಹಾಸಿಗೆಯ ಹೊದಿಕೆಯಿಂದ ಸೊಪ್ಪು ಕೊಯ್ಯುತ್ತಲೇ ಇದ್ದರು. ಆಮೇಲೆ ನಿದ್ದೆ ಹೋದರು. ಎದ್ದಾಗ ಮಗಳನ್ನು ಗುರುತು ಹಿಡಿದು, ಇದ್ಯಾರ ಮನೆ ಎಂದು ಕೇಳಿದರಂತೆ.

ಸೋಮವಾರ ಬೆಳಿಗ್ಗೆ ನಾನೂ ನಾಗವೇಣಿಯೂ ತಿಪ್ಪೆಯ ಹತ್ತಿರ ಹೋಗಿ ನೋಡಿದೆವು. ಗಣಿಕೆಯ ಸಸಿಗಳ ನಡುನಡುವೆ ದತ್ತೂರಿ ಎದ್ದಿತ್ತು, ಹೂವಿಲ್ಲದ ಎಳೆಯವು. ಹಲವು ಸಸಿಗಳ ತುದಿ ಮುರಿದಿತ್ತು. ಮುರಿದ ಜಾಗ ಒಣಗಿತ್ತು. ಅವಳು ಒಂದು ಎಲೆ ತಿಕ್ಕಿ ಮೂಸಿ ನನ್ನ ಮೂಗಿಗೆ ಹಿಡಿದಳು. ಕಮಟು ಹಿಡಿದ ಶೇಂಗಾದ ವಾಸನೆ. ಕೋಣೆಯಲ್ಲಿ ಅವಳು ಹಿಂದೆ ತಿರುಗಿ ಚೀಲಗಳನ್ನು ನೋಡಿದ್ದು ಆ ವಾಸನೆಗೇ. ಮೇಡಂ ಮೂಗಿಗೂ ಅದು ಬಂದಿತ್ತು, ಅವರೂ ಚೀಲದ್ದೇ ಎಂದುಕೊಂಡಿದ್ದರು. ಶೇಂಗಾ ಇಲ್ಲದ ಸೀಮೆಯಲ್ಲಿ ಆ ಎಲೆ ಗುಡ್ಡೆ ದಾಟಿ ಪಾತ್ರೆಗೇ ಬೀಳುತ್ತಿರಲಿಲ್ಲವೇನೋ. ಯಾರ ಬೆರಳು ಅವನ್ನು ಮುರಿದದ್ದು ಎಂಬುದು ಗೊತ್ತಾಗಲಿಲ್ಲ. ಗೊತ್ತು ಮಾಡಿಕೊಳ್ಳಲು ಯಾರೂ ಹೋಗಲಿಲ್ಲ.

ಕಾಲೇಜಿಗೆ ಬಂದ ಮೇಲೆ ಮೇಡಂ ನಡೆದದ್ದನ್ನೆಲ್ಲ ಪ್ರಿನ್ಸಿಪಾಲರಿಗೆ ತಾವೇ ಹೇಳಿದರು. ಕೋರ್ಸ್ ಮುಗಿಯುವವರೆಗೂ ಪಾಠ ನಡೆಯಿತು. ಎಲೆಯನ್ನು ನಾಲಿಗೆಗೆ ಇಡಿಸುವುದು ಮಾತ್ರ ನಿಂತಿತು. ಮುಂದಿನ ವರ್ಷ ಆ ವಿಷಯವೇ ಇರಲಿಲ್ಲ. ನಾಗವೇಣಿ ಎಂ.ಎಸ್ಸಿ.ಗೆ ಹೋಗಲಿಲ್ಲ. ಬಿ.ಇಡಿ. ಮಾಡಿ ಬೆಳುಗುಪ್ಪದ ಹತ್ತಿರ ಶಾಲೆಯೊಂದರಲ್ಲಿ ವಿಜ್ಞಾನ ಹೇಳಿಕೊಡುತ್ತಾಳೆ.

ಲೋಟ ಮೂಗಿನ ಹತ್ತಿರ ನಿಂತದ್ದನ್ನು ನಾನು ಅವಳಿಗೆ ಹೇಳಿದ್ದು ಆ ಸೋಮವಾರ, ತಿಪ್ಪೆಯ ಪಕ್ಕದಲ್ಲೇ. ಅಂದಿನಿಂದ ಅವಳು ಅದನ್ನು ಬಿಟ್ಟಿಲ್ಲ. ವರ್ಷಕ್ಕೊಮ್ಮೆಯಾದರೂ ಫೋನ್ ಮಾಡಿ, ಬೇರೆ ಮಾತೆಲ್ಲ ಆದ ಮೇಲೆ ಅಲ್ಲಿಗೇ ಬರುತ್ತಾಳೆ. ಒಮ್ಮೆ ಹೇಳಿದಳು: "ಆ ಲೋಟ ನಂದು. ಅಜ್ಜಿ ಗೊತ್ತಿದ್ದು ಕುಡಿದಿದ್ರ ನಾನು ಹೆಂಗ ಇರಬೇಕು, ಗೊತ್ತಿಲ್ದ ಕುಡಿದಿದ್ರ ಹೆಂಗ ಇರಬೇಕು, ನನಗ ಅದು ತಿಳೀಬೇಕು." ನಾನು ಪ್ರತಿ ಸಲ ಹೇಳುವುದು ಒಂದೇ. ಮೂಗಿಗೆ ಹಿಡಿದರು, ಕೋಣೆಯ ಕಡೆ ನೋಡಿದರು, ನಿನ್ನ ಕಡೆ ನೋಡಿದರು, ಕುಡಿದರು. ಅದಕ್ಕಿಂತ ಒಂದು ಮಾತು ಹೆಚ್ಚು ಹೇಳಿದರೂ ಅದು ನಾನು ಕಂಡದ್ದಾಗುವುದಿಲ್ಲ.

ಗೋದಾಮಿನಲ್ಲಿ ಚೀಲ ಬಿಚ್ಚಿದ ವಾರವೇ ನಾನು ಅಮರಾಪುರದ ಕಡೆ ಹೋದೆ. ಕರಿಯಮ್ಮ ಜಗಲಿಯ ಮೇಲೆ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ನನ್ನನ್ನು ಗುರುತು ಹಿಡಿದು, ಆ ಮುದ್ದೆ ನುಂಗಕ್ಕಾಗ್ದೋನು ಎಲ್ಲವ್ನೆ ಎಂದು ವೀರೇಶನನ್ನು ವಿಚಾರಿಸಿದರು. ಕಾಫಿ ಆದ ಮೇಲೆ ನಾನು ಕೇಳಬೇಕಾದದ್ದನ್ನು ಕೇಳಿದೆ. ಅವರಿಗೆ ನೆನಪಿರಲಿಲ್ಲ. ಬೆಳಿಗ್ಗೆ ಹೊಲಕ್ಕೆ ಹೋದದ್ದು ನೆನಪಿದೆ, ಆಮೇಲೆ ಆಸ್ಪತ್ರೆಯ ಫ್ಯಾನು ನೆನಪಿದೆ. ನಡುವಿನದ್ದು ಏನೂ ಇಲ್ಲ, ಯಾರೋ ಕತ್ತರಿಸಿ ತೆಗೆದ ಹಾಗೆ ಎಂದರು. ಆ ಹುಡುಗಿಗೆ ಏನು ಹೇಳಲಿ ಎಂದೆ.

"ಗೊತ್ತಿದ್ರೆ ಚೆಲ್ತಿದ್ದೆ ಅನ್ನಪ್ಪ. ಗೊತ್ತಿದ್ದೂ ಯಾರಾದ್ರೂ ಕುಡೀತಾರಾ?"

ಮತ್ತೆ ಹುಣಸೆ ಬಿಡಿಸತೊಡಗಿದರು. ತಲೆಯೆತ್ತದೆ ಹೇಳಿದರು:

"ಆದ್ರೆ ಅನ್ಮಾನ ಬಂದ್ಮೇಲೆ ಮಕ್ಳ ಕೈಗೆ ಎಂಗೆ ಕೊಡಕಾಯ್ತದೆ?"

ಬಸ್ಸಿಗೆ ಕಾಯುತ್ತ ಎರಡು ಮಾತನ್ನೂ ಅವರು ಹೇಳಿದ ಕ್ರಮದಲ್ಲೇ ನಾಗವೇಣಿಗೆ ಫೋನಿನಲ್ಲಿ ಹೇಳಿದೆ. ಶಾಲೆಯ ಗಂಟೆ ಹೊಡೆದದ್ದು ಕೇಳಿಸಿತು. ಆಮೇಲೆ, ಬರೋ ಐತವಾರ ನಾನೂ ಹೋಗ್ತೀನಿ, ನೀನೂ ಬಾ ಅಂದಳು. ಆ ದಿನದ ಮೇಲೆ ಅವಳು ಆ ಊರಿಗೆ ಕಾಲಿಟ್ಟಿರಲಿಲ್ಲ.

ಕರಿಯಮ್ಮ ನೆಲದಿಂದ ಸೊಪ್ಪು ಕೊಯ್ದದ್ದನ್ನು ಕಂಡವರಲ್ಲಿ ಸರೋಜಾ ಮೇಡಂ ಇದ್ದಾರೆ, ಈಗ ಬೇರೆ ಊರಿನ ಕಾಲೇಜಿನಲ್ಲಿ. ವೀರೇಶ ರಾಯದುರ್ಗದಲ್ಲೇ ಇದ್ದಾನೆ. ರಂಗನಾಥಪ್ಪ ಇದ್ದಾನೆ, ಸೂಜಿ ಬಿಟ್ಟು ಮಾತ್ರೆಯ ಅಂಗಡಿ ಇಟ್ಟಿದ್ದಾನೆ. ನಾಗವೇಣಿ ಇದ್ದಾಳೆ. ಲೋಟ ಮೂಗಿನ ಹತ್ತಿರ ನಿಂತದ್ದನ್ನು ಕಂಡವರು ಇಬ್ಬರು, ನಾನು ಮತ್ತು ಗೋಡೆಯಾಚೆಯ ಹನುಮಕ್ಕ. ಹನುಮಕ್ಕ ಹೋದ ಚಳಿಗಾಲದಲ್ಲಿ ತೀರಿಕೊಂಡರು. ಕರಿಯಮ್ಮ ಇದ್ದಾರೆ, ಗಟ್ಟಿಯಾಗಿಯೇ ಇದ್ದಾರೆ. ಆದರೆ ಅವರನ್ನು ಸಾಕ್ಷಿಗೆ ಕರೆಯುವಂತಿಲ್ಲ.